ಜಾಲಂಧ್ರದಿಂದ ಹ್ಯಾಚ್‌ವರೆಗೆ: ಮ್ಯಾನ್‌ಹಟನ್ನಿನ ಗೋಡೆಗಳ ಮೇಲಿನ ಗೆರೆಗಳ ಚರಿತ್ರೆ

ಮ್ಯಾನ್‌ಹಟನ್ನಿನ ಕೊಲಂಬಸ್ ಸರ್ಕಲ್‌ನ ದಕ್ಷಿಣ ಅಂಚಿನಲ್ಲಿ ಇಂದು ಕಲೆ ಮತ್ತು ವಿನ್ಯಾಸ ವಸ್ತುಸಂಗ್ರಹಾಲಯವಿರುವ ಕಟ್ಟಡ 1964ರಲ್ಲಿ ತೆರೆದಾಗ ಬೇರೆಯದೇ ಮುಖ ಹೊತ್ತಿತ್ತು. ಹಂಟಿಂಗ್‌ಟನ್ ಹಾರ್ಟ್‌ಫರ್ಡ್ ಎಂಬ ಸಿರಿವಂತ ತನ್ನ ಚಿತ್ರಸಂಗ್ರಹಕ್ಕಾಗಿ ಕಟ್ಟಿಸಿದ ಆ ಸೌಧಕ್ಕೆ ಬಿಳಿಯ ಅಮೃತಶಿಲೆಯ ಹೊದಿಕೆಯಿತ್ತು. ಗೋಡೆಗಳ ಅಂಚುಗಳಲ್ಲಿ ಸಾಲಾಗಿ ಕೊರೆದ ದುಂಡು ರಂಧ್ರಗಳಿದ್ದವು. ಬೀದಿಯ ಮಟ್ಟದಲ್ಲಿ ದುಂಡುತಲೆಯ ಕಂಬಗಳ ಸಾಲೊಂದಿತ್ತು. ನಗರದ ವಿಮರ್ಶಕರು ಅದನ್ನು ಕಡ್ಡಿಮಿಠಾಯಿಗೆ ಹೋಲಿಸಿ ನಕ್ಕರು. ‘ಲಾಲಿಪಾಪ್ ಕಟ್ಟಡ’ ಎಂಬ ಹೆಸರು ಉಳಿದುಕೊಂಡಿತು. ಆದರೆ ಬೇಲೂರಿನ ನವರಂಗದೊಳಗೆ ನಿಂತು, ಕಲ್ಲಿನ ಕಿಂಡಿಗಳಿಂದ ಸೋಸಿ ಬರುವ ಬೆಳಕನ್ನು ಕಂಡವರು ಆ ರಂಧ್ರಗಳನ್ನು ನೋಡಿದ್ದರೆ ನಗುವ ಬದಲು ಒಂದು ಕ್ಷಣ ಗುರುತು ಹಿಡಿಯಲು ಯತ್ನಿಸುತ್ತಿದ್ದರು. ಏಕೆಂದರೆ ಅದರ ವಾಸ್ತುಶಿಲ್ಪಿ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಆ ಹೊತ್ತಿಗೆ ಭಾರತದಲ್ಲಿ ಒಂದು ಪಾಠ ಕಲಿತು ಬಂದಿದ್ದರು.

ಗೋಡೆಯ ಮೇಲ್ಮೈಯಲ್ಲಿ ಮತ್ತೆ ಮತ್ತೆ ಬರುವ ಆಕೃತಿಗಳ ಚರಿತ್ರೆ ಈ ಲೇಖನದ ವಿಷಯ. ಆ ಆಕೃತಿ ಕಲ್ಲಿನಲ್ಲಿತ್ತು, ಸುಟ್ಟ ಮಣ್ಣಿನಲ್ಲಿತ್ತು, ನಕ್ಷೆಗಾರನ ಮಸಿಯಲ್ಲಿತ್ತು. ಈಗ ಅದು ವಾಸ್ತುಶಿಲ್ಪದ ತಂತ್ರಾಂಶಗಳಲ್ಲಿ ಕೆಲವು ಸಾಲು ಅಂಕಿಗಳಾಗಿ ಕುಳಿತಿದೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ಈ ತಂತ್ರಾಂಶಗಳಿಂದಲೇ ಜೀವನ ನಡೆಸುವವರಿದ್ದಾರೆ. ಪ್ರೌಢಶಾಲೆಯಲ್ಲೇ ಅವನ್ನು ಕಲಿಯುತ್ತಿರುವ ಮಕ್ಕಳಿದ್ದಾರೆ. ಅವರು ದಿನವೂ ಒತ್ತುವ ಒಂದು ಗುಂಡಿಯ ಹಿಂದೆ ಎಷ್ಟು ಶತಮಾನಗಳ ಕೈಕೆಲಸ ನಿಂತಿದೆ ಎಂಬುದು ತಿಳಿಯಬೇಕಾದ ಸಂಗತಿ.

ಸ್ಟೋನ್ ಅವರಿಗೆ 1954ರಲ್ಲಿ ನವದೆಹಲಿಯ ಚಾಣಕ್ಯಪುರಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನು ವಿನ್ಯಾಸಗೊಳಿಸುವ ಹೊಣೆ ಬಂತು. ಅದುವರೆಗೆ ಅವರು ನ್ಯೂಯಾರ್ಕಿನ ಆಧುನಿಕ ಪಂಥದ ಮನುಷ್ಯ. 53ನೆಯ ಬೀದಿಯ ಆಧುನಿಕ ಕಲಾ ವಸ್ತುಸಂಗ್ರಹಾಲಯದ 1939ರ ಕಟ್ಟಡವನ್ನು ಫಿಲಿಪ್ ಗುಡ್‌ವಿನ್ ಜೊತೆಗೂಡಿ ರೂಪಿಸಿದವರು. ಗಾಜಿನ ಗೋಡೆ ಆ ಪಂಥದ ಧರ್ಮ. ಆದರೆ ದೆಹಲಿಯ ಮೇ ತಿಂಗಳ ಬಿಸಿಲಿನ ಎದುರು ಬರೀ ಗಾಜು ನಿಲ್ಲಲಾರದು. ಸ್ಟೋನ್ ಗಾಜಿನ ಗೋಡೆಯ ಹೊರಗೆ ಇನ್ನೊಂದು ಗೋಡೆ ಎಬ್ಬಿಸಿದರು: ಸಣ್ಣ ಸಣ್ಣ ತುಣುಕುಗಳನ್ನು ಎರಕ ಹೊಯ್ದು ಜೋಡಿಸಿದ, ಗಾಳಿ ಬೆಳಕು ಎರಡೂ ಅಳತೆಯಾಗಿ ಒಳಬರುವ ಬಿಳಿಯ ಜಾಲ. ಮೊಗಲ್ ಕಟ್ಟಡಗಳ ಜಾಲಿಯಿಂದ ಪಡೆದ ಸ್ಫೂರ್ತಿ ಅದು. 1959ರ ಜನವರಿಯಲ್ಲಿ ಕಚೇರಿ ಉದ್ಘಾಟನೆಯಾಗುವ ಮುನ್ನವೇ ಅದರ ಚಿತ್ರಗಳು ಲೋಕಪ್ರಸಿದ್ಧವಾಗಿದ್ದವು. 1958ರಲ್ಲಿ ‘ಟೈಮ್’ ಪತ್ರಿಕೆ ಸ್ಟೋನ್ ಅವರನ್ನು ಮುಖಪುಟದಲ್ಲಿ ಅಚ್ಚಿಸಿತು.

ಅದೇ ಜಾಲವನ್ನು ಅವರು ಮನೆಗೂ ತಂದರು. 1956ರಲ್ಲಿ ಮ್ಯಾನ್‌ಹಟನ್ನಿನ ಈಸ್ಟ್ 64ನೆಯ ಬೀದಿಯ 130ನೆಯ ಸಂಖ್ಯೆಯ ಹಳೆಯ ಮನೆಯನ್ನು ತಮಗಾಗಿ ಮಾರ್ಪಡಿಸಿ, ಬೀದಿಯ ಕಡೆಯ ಇಡೀ ಮುಖಕ್ಕೆ ಕಾಂಕ್ರೀಟಿನ ಜಾಲರಿ ತೊಡಿಸಿದರು. ಇಲ್ಲೊಂದು ವಿನೋದವಿದೆ. ಬೀದಿಯ ದಕ್ಷಿಣ ಪಕ್ಕದಲ್ಲಿರುವ ಆ ಮನೆ ಉತ್ತರಕ್ಕೆ ಮುಖಮಾಡಿದೆ. ತಡೆಯಬೇಕಾದ ಬಿಸಿಲೇ ಅಲ್ಲಿಲ್ಲ! ದೆಹಲಿಯಲ್ಲಿ ಛತ್ರಿಯಾಗಿದ್ದದ್ದು ಇಲ್ಲಿ ಪರದೆಯಾಯಿತು, ಅಲಂಕಾರವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕದ ಊರೂರಿನ ಬ್ಯಾಂಕು, ಮೋಟೆಲು, ಗ್ರಂಥಾಲಯಗಳ ಮುಂದೆ ಕಾಂಕ್ರೀಟ್ ಜಾಲರಿಗಳು ಎದ್ದವು. ಕಾರಣ ಕಳೆದುಕೊಂಡ ವಿನ್ಯಾಸ ಎಷ್ಟು ಬೇಗ ಹರಡುತ್ತದೆ, ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ನಮ್ಮ ನಾಡಿನ ಜಾಲಂಧ್ರಗಳ ಕಡೆಗೆ ಒಮ್ಮೆ ತಿರುಗೋಣ. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪಿತವಾದಾಗ ಅದರ ಮಂಟಪ ತೆರೆದೇ ಇತ್ತು. ಕಂಬಗಳ ನಡುವಿನ ತೆರಪುಗಳಿಗೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದು ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ. ಅಂಥವು 28 ಇವೆ. ಕೆಲವದರಲ್ಲಿ ಪುರಾಣದ ಪ್ರಸಂಗಗಳು. ಒಂದರಲ್ಲಿ ರಾಜದಂಪತಿಯ ಸಭೆ. ಉಳಿದವುಗಳಲ್ಲಿ ನಕ್ಷತ್ರಾಕಾರದ ಕಿಂಡಿಗಳು, ಬಳ್ಳಿಯ ಪಟ್ಟಿಗಳು. ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಶಿಲ್ಪಿ ಒಂದು ಮೂಲಾಕೃತಿಯನ್ನು ಆರಿಸಿ, ಅದನ್ನು ಅಡ್ಡಕ್ಕೂ ಉದ್ದಕ್ಕೂ ಹಬ್ಬಿಸಿ, ಚೌಕಟ್ಟಿನ ಅಂಚಿಗೆ ಬಂದಾಗ ಅದನ್ನು ಅರ್ಧಕ್ಕೆ ಕತ್ತರಿಸದೆ ಮುಗಿಸುವ ಉಪಾಯವನ್ನೂ ಕಂಡುಕೊಂಡಿದ್ದಾನೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಇನ್ನೊಂದು ಬೆರಗಿದೆ: ಅಲ್ಲಿನ ಕಲ್ಲಿನ ಜಾಲಗಳಲ್ಲಿ ಅರಬ್ಬಿ ಅಕ್ಷರಗಳೇ ಹೆಣೆದುಕೊಂಡು ಕಿಟಕಿಯಾಗಿವೆ, ಅಕ್ಷರ ಕಲ್ಲು, ಅಕ್ಷರಗಳ ನಡುವಿನ ಬಯಲು ಬೆಳಕು.

ಸ್ಟೋನ್ ಅವರ ಜಾಲರಿಗೂ ಬೇಲೂರಿನ ಜಾಲಂಧ್ರಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಒಂದೇ ಅಚ್ಚಿನಲ್ಲಿ ನೂರಾರು ತುಣುಕು ಹೊಯ್ದು ಜೋಡಿಸುವುದು ಯಂತ್ರಯುಗದ ಕ್ರಮ. ಅದರ ಸೊಗಸು ಬೇರೆ, ಲಾಭವೂ ಬೇರೆ. 64ನೆಯ ಬೀದಿಯ ಮನೆಯ ಜಾಲರಿಯನ್ನು ನಡುವೆ ಕೆಲವು ವರ್ಷ ತೆಗೆದುಹಾಕಲಾಗಿತ್ತು. ಮನೆ ಸಂರಕ್ಷಿತ ಐತಿಹಾಸಿಕ ವಲಯದೊಳಗೆ ಇದ್ದುದರಿಂದ ನಗರದ ಸ್ಮಾರಕ ಆಯೋಗ ಒಪ್ಪಲಿಲ್ಲ. ಜಾಲರಿ ಮರಳಿ ಬಂತು. ಒಂದು ತುಣುಕಿನ ಅಳತೆ ತಿಳಿದರೆ ಇಡೀ ಗೋಡೆ ಮತ್ತೆ ಹುಟ್ಟುತ್ತದೆ. ಬೇಲೂರಿನ ಒಂದು ಜಾಲಂಧ್ರ ಒಡೆದರೆ ಪಕ್ಕದ ಜಾಲಂಧ್ರ ಅದಕ್ಕೆ ಸಾಕ್ಷಿ ಹೇಳಲಾರದು.

ಕೊಲಂಬಸ್ ಸರ್ಕಲ್‌ನ ಕಟ್ಟಡಕ್ಕೆ ಆ ಅದೃಷ್ಟ ಇರಲಿಲ್ಲ. ಹಳೆಯ ಪೆನ್ ಸ್ಟೇಷನ್ನನ್ನು 1963ರಿಂದ ಕೆಡವಿದಾಗ ಎದ್ದ ಕೂಗಿನಿಂದಲೇ 1965ರಲ್ಲಿ ನ್ಯೂಯಾರ್ಕ್ ನಗರಕ್ಕೆ ಸ್ಮಾರಕ ರಕ್ಷಣೆಯ ಕಾನೂನು ದೊರೆತದ್ದು. ಕಟ್ಟಡಕ್ಕೆ 30 ವರ್ಷ ತುಂಬಿದರೆ ರಕ್ಷಣೆಗೆ ಅರ್ಹ. ಆದರೂ ಸ್ಟೋನ್ ಅವರ ಕಟ್ಟಡದ ಕುರಿತು ಆಯೋಗ ಒಂದು ಬಹಿರಂಗ ವಿಚಾರಣೆಯನ್ನೂ ನಡೆಸಲಿಲ್ಲ. ಕಾದಂಬರಿಕಾರ ಟಾಮ್ ವುಲ್ಫ್ ಸೇರಿದಂತೆ ಹಲವರು ಬರೆದರು, ಪ್ರತಿಭಟಿಸಿದರು. 2005ರಲ್ಲಿ ಅಮೃತಶಿಲೆ ಕೆಳಗಿಳಿಯತೊಡಗಿತು. 2008ರ ಸೆಪ್ಟೆಂಬರಿನಲ್ಲಿ ಬ್ರಾಡ್ ಕ್ಲೋಪ್‌ಫಿಲ್ ರೂಪಿಸಿದ ಹೊಸ ಮುಖ, ಮೆರುಗು ಹಚ್ಚಿದ ಸುಟ್ಟಮಣ್ಣಿನ ಹಲಗೆಗಳು ಮತ್ತು ಗಾಜಿನ ಸೀಳುಗಳೊಂದಿಗೆ ತೆರೆದುಕೊಂಡಿತು. ಕಡ್ಡಿಮಿಠಾಯಿ ಕಂಬಗಳು ಮಾತ್ರ ನೆಲದ ಅಂತಸ್ತಿನ ಗಾಜಿನ ಹಿಂದೆ ಉಳಿದಿವೆ. ಹೊಸ ಮುಖ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ವಿಚಾರಣೆಯೇ ಇಲ್ಲದೆ ಒಂದು ಮುಖ ಅಳಿದದ್ದು ನ್ಯಾಯವೆಂದೂ ಅನ್ನಿಸುವುದಿಲ್ಲ.

ಮೇಲ್ಮೈ ವಿನ್ಯಾಸವೆಂದರೆ ಬರೀ ಅಲಂಕಾರ ಎಂಬ ಭಾವನೆಯನ್ನು ಸುಳ್ಳಾಗಿಸುವ ಸ್ಥಳವೂ ಮ್ಯಾನ್‌ಹಟನ್ನಿನಲ್ಲೇ ಇದೆ. 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಕೆಳ ಅಂತಸ್ತಿನ ಆಯಿಸ್ಟರ್ ಬಾರ್ ಎದುರು ನಿಂತು ಚಾವಣಿಯನ್ನು ನೋಡಿ. ಚಪ್ಪಟೆ ಹಂಚುಗಳು ಮೀನಿನ ಮುಳ್ಳಿನಂತೆ ಎಡಕ್ಕೂ ಬಲಕ್ಕೂ ವಾಲಿ ಹೆಣೆದುಕೊಂಡು ಕಮಾನಾಗಿ ಬಾಗಿವೆ. ಇಂಗ್ಲಿಷಿನವರು ಇದನ್ನು ಹೆರಿಂಗ್‌ಬೋನ್ ಎನ್ನುತ್ತಾರೆ. ಇದನ್ನು ಕಟ್ಟಿದ್ದು ರಫಾಯಲ್ ಗ್ವಾಸ್ತವೀನೋ ಸ್ಥಾಪಿಸಿದ ಸಂಸ್ಥೆ. ಆತ ಬಾರ್ಸಿಲೋನಾದಿಂದ 1881ರಲ್ಲಿ, ಒಂಬತ್ತು ವರ್ಷದ ಮಗನ ಕೈಹಿಡಿದು, ಇಂಗ್ಲಿಷ್ ಬಾರದೆ ನ್ಯೂಯಾರ್ಕಿಗೆ ಬಂದಿಳಿದವನು. ಕೈಯಲ್ಲಿದ್ದ ಬಂಡವಾಳವೆಂದರೆ ಊರಿನ ಗಾರೆಯವರ ಒಂದು ಹಳೆಯ ವಿದ್ಯೆ: ಒಂದಂಗುಲ ದಪ್ಪದ ಹಂಚುಗಳನ್ನು ಬೇಗ ಗಟ್ಟಿಯಾಗುವ ಗಾರೆಯಿಂದ ಅಂಟಿಸುತ್ತ, ಪದರದ ಮೇಲೆ ಪದರ ಹೊದಿಸುತ್ತ, ಕೆಳಗೆ ಮರದ ಆಧಾರ ಹೆಚ್ಚಿಲ್ಲದೆ ಕಮಾನು ಕಟ್ಟುವುದು. ಬೆಂಕಿಗೆ ಹೆದರಿದ ಅಂದಿನ ಅಮೆರಿಕನ್ ನಗರಗಳಿಗೆ ಸುಡದ ಚಾವಣಿ ಬೇಕಿತ್ತು. 1885ರಿಂದ ಆತ ಪೇಟೆಂಟುಗಳನ್ನು ಪಡೆದ. 1908ರಲ್ಲಿ ತೀರಿಕೊಂಡ ಮೇಲೆ ಮಗ ಕೆಲಸ ಮುಂದುವರಿಸಿದ.

ಈ ಕಮಾನುಗಳ ಬಲವಿರುವುದು ಒಂದು ಪದರದ ಸಂದು ಮತ್ತೊಂದು ಪದರದ ಸಂದಿನ ಮೇಲೆ ಬಾರದಂತೆ ನೋಡಿಕೊಳ್ಳುವುದರಲ್ಲಿ. ನಾವು ಕೆಳಗಿನಿಂದ ಕಾಣುವ ಹೆರಿಂಗ್‌ಬೋನ್ ಆ ಲೆಕ್ಕಾಚಾರದ ಕಟ್ಟಕಡೆಯ ಪದರ. ಎಲಿಸ್ ದ್ವೀಪದ ನೋಂದಣಿ ಸಭಾಂಗಣದ ಚಾವಣಿಯನ್ನು 1918ರಲ್ಲಿ ಇದೇ ಸಂಸ್ಥೆ ಕಟ್ಟಿತು. 1916ರಲ್ಲಿ ಪಕ್ಕದ ಬ್ಲ್ಯಾಕ್ ಟಾಮ್ ಮದ್ದುಗುಂಡಿನ ದಾಸ್ತಾನು ಸ್ಫೋಟಗೊಂಡು ಹಿಂದಿನ ಚಾವಣಿ ಹಾಳಾಗಿತ್ತು. 1980ರ ದಶಕದಲ್ಲಿ ದುರಸ್ತಿಗೆಂದು ಪರೀಕ್ಷಿಸಿದಾಗ ಸುಮಾರು 28 ಸಾವಿರ ಹಂಚುಗಳಲ್ಲಿ ಬದಲಿಸಬೇಕಾದದ್ದು ಕೇವಲ 17. ಲಕ್ಷಾಂತರ ವಲಸಿಗರು ಹಾದುಹೋದ ಸಭಾಂಗಣದ ನೆತ್ತಿಯನ್ನು ಇನ್ನೊಬ್ಬ ವಲಸಿಗನ ಮಗನೇ ಕಟ್ಟಿದ್ದು ನಮ್ಮಂಥ ಓದುಗರಿಗೆ ಬೇರೆಯೇ ಅರ್ಥ ಕೊಡಬಹುದು. ಸಂಸ್ಥೆ 1962ರಲ್ಲಿ ಮುಚ್ಚಿತು. ಅದರ ನಕ್ಷೆಗಳು ಕಸಕ್ಕೆ ಹೋಗದಂತೆ ಉಳಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕ ಜಾರ್ಜ್ ಕಾಲಿನ್ಸ್. ಅವು ಈಗ ಅಲ್ಲಿನ ಏವರಿ ಗ್ರಂಥಾಲಯದಲ್ಲಿವೆ. 1997ರಲ್ಲಿ ಆಯಿಸ್ಟರ್ ಬಾರ್‌ಗೆ ಬೆಂಕಿ ಬಿದ್ದು ಹಂಚುಗಳು ಹಾಳಾದರೂ ಚಾವಣಿಯನ್ನು ಮತ್ತೆ ಮೊದಲಿನಂತೆ ಮಾಡಲಾಯಿತು.

ವಿಜಯಪುರದ ಗೋಲಗುಮ್ಮಟದ ಒಳಗಿನಿಂದ ಮೇಲೆ ನೋಡಿದವರಿಗೆ ಇದು ಅಪರಿಚಿತವಲ್ಲ. ಚೌಕಾಕಾರದ ಕೋಣೆಯ ಮೇಲೆ 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಕೂರಿಸಲು ಅಲ್ಲಿನವರು ಎಂಟು ಕಮಾನುಗಳನ್ನು ಒಂದನ್ನೊಂದು ದಾಟಿಸಿದರು. ಒಂದು ಚೌಕ, ಅದರ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ: ಎಂಟು ಕೋನಗಳ ನಕ್ಷತ್ರ. ನೆಲದ ಮೇಲೆ ಬಿಡಿಸಿದರೆ ರಂಗೋಲಿ, ಗಾಳಿಯಲ್ಲಿ ಕಟ್ಟಿದರೆ ಗುಮ್ಮಟದ ಪೀಠ. ಸೋಮನಾಥಪುರದ 1258ರ ಕೇಶವ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸವೂ ಇದೇ ತರ್ಕದ್ದು. ನಾಲ್ಕು ಚೌಕಗಳನ್ನು ಒಂದೇ ಕೇಂದ್ರದ ಸುತ್ತ 22.5 ಡಿಗ್ರಿಗಳಂತೆ ತಿರುಗಿಸಿದರೆ 16 ಕೋನಗಳ ನಕ್ಷತ್ರ ದೊರೆಯುತ್ತದೆ. ಬೇಲೂರು, ಹಳೇಬೀಡುಗಳೊಡನೆ ಈ ದೇವಾಲಯವೂ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ 22.5 ಡಿಗ್ರಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ಅಂಕಿ ಗಣಕವನ್ನು ಕಾಡಲಿದೆ.

ಇನ್ನು ನಮಗೆಲ್ಲ ನಿತ್ಯ ಪರಿಚಿತವಾದ ವಿನ್ಯಾಸ. 1904ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಸಬ್‌ವೇ ಆರಂಭವಾದಾಗ ಹೈನ್ಸ್ ಮತ್ತು ಲಾಫಾರ್ಜ್ ಎಂಬ ವಾಸ್ತುಶಿಲ್ಪಿಗಳು ನಿಲ್ದಾಣಗಳ ಗೋಡೆಗೆ ಬಿಳಿಯ, ಮೆರುಗಿನ, ಮೂರಂಗುಲ ಎತ್ತರ ಆರಂಗುಲ ಉದ್ದದ ಹಂಚುಗಳನ್ನು ಹಚ್ಚಿಸಿದರು. ನೆಲದಡಿಯ ಕತ್ತಲೆಗೆ ಬಿಳುಪು ಬೇಕಿತ್ತು, ತೊಳೆಯಲು ಸುಲಭವಾಗಬೇಕಿತ್ತು. ಇಟ್ಟಿಗೆಯ ಗೋಡೆಯಂತೆಯೇ ಒಂದು ವರಸೆಯ ಸಂದು ಮೇಲಿನ ವರಸೆಯ ಹಂಚಿನ ನಡುವಿಗೆ ಬರುವ ಜೋಡಣೆ. ಇಂದು ನ್ಯೂಜೆರ್ಸಿಯ ನಮ್ಮ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಅದೇ ಹಂಚು ‘ಸಬ್‌ವೇ ಟೈಲ್’ ಎಂಬ ಹೆಸರಿನಲ್ಲಿ ಬಂದು ಕುಳಿತಿದೆ, ಒಗ್ಗರಣೆಯ ಸಿಡಿತಕ್ಕೂ ಸಿದ್ಧವಾಗಿ.

ಇಂಥ ಗೋಡೆಯನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ನಕ್ಷೆಗಾರನ ಹಳೆಯ ತಲೆನೋವು ಇದು. ಎಂಟನೆಯ ಒಂದಂಗುಲಕ್ಕೆ ಒಂದಡಿ ಎಂಬ ರೂಢಿಯ ಪ್ರಮಾಣದಲ್ಲಿ ಮೂರಂಗುಲದ ಹಂಚು ಅಂಗುಲದ 32ನೆಯ ಒಂದು ಭಾಗವಾಗುತ್ತದೆ. ಎಲ್ಲ ಹಂಚುಗಳನ್ನೂ ಬರೆದರೆ ಕಾಗದ ಕಪ್ಪಾಗುತ್ತದೆ. ಆದ್ದರಿಂದ ನಕ್ಷೆಗಾರರು ಸಂಕೇತಗಳನ್ನು ರೂಢಿಸಿಕೊಂಡರು: ಓರೆಗೆರೆ ಎಂದರೆ ಇಟ್ಟಿಗೆ, ಚುಕ್ಕಿ ಮತ್ತು ಸಣ್ಣ ತ್ರಿಕೋನ ಎಂದರೆ ಕಾಂಕ್ರೀಟು, ಅಲೆಗೆರೆ ಎಂದರೆ ಮರ. ಇದಕ್ಕೇ ಹ್ಯಾಚ್ ಎಂಬ ಹೆಸರು. ಟಿ-ಚೌಕ ಹಿಡಿದು ಗಂಟೆಗಟ್ಟಲೆ ಸಮಾಂತರ ಗೆರೆ ಎಳೆಯುವುದು ಕಚೇರಿಗೆ ಹೊಸದಾಗಿ ಸೇರಿದವರ ಪಾಲಿನ ಕೆಲಸವಾಗಿತ್ತು. ಮುಂದೆ ಗೆರೆಗಳನ್ನು ಮುದ್ರಿಸಿದ ಅಂಟುಹಾಳೆಗಳು ಬಂದವು. ಬೇಕಾದ ಆಕಾರಕ್ಕೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರಾಯಿತು.

ಗಣಕಕ್ಕೆ ಈ ಕೆಲಸ ಒಪ್ಪಿಸಿದ ಮೊದಲಿಗರಲ್ಲಿ ಐವನ್ ಸದರ್‌ಲ್ಯಾಂಡ್ ಪ್ರಮುಖರು. 1963ರಲ್ಲಿ ಎಂಐಟಿಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು: ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವುದು. ಪ್ರಬಂಧದ ಆರಂಭದಲ್ಲಿಯೇ ಅವರು ಕೊಡುವ ಉದಾಹರಣೆ ಒಂದು ಮೇಲ್ಮೈ ವಿನ್ಯಾಸ! ಸೊಟ್ಟಪಟ್ಟ ಆರು ಬದಿಗಳ ಆಕೃತಿಯೊಂದನ್ನು ಬರೆದು, ಅದರ ಮೂಲೆಗಳನ್ನು ವೃತ್ತದ ಮೇಲೆ ಕೂರಿಸಿ, ಬದಿಗಳು ಸಮವಾಗಿರಲಿ ಎಂದು ಆಜ್ಞಾಪಿಸಿದರೆ ಅದು ಕ್ರಮಬದ್ಧ ಷಟ್ಕೋನವಾಗುತ್ತದೆ. ಅದರ ಪ್ರತಿಗಳನ್ನು ಅಂಟಿಸುತ್ತ ಹೋದರೆ ಜೇನುಗೂಡು ಹಬ್ಬುತ್ತದೆ. 900 ಷಟ್ಕೋನಗಳನ್ನು ಹೀಗೆ ಹಬ್ಬಿಸಲು ಸುಮಾರು ಅರ್ಧ ಗಂಟೆ ಹಿಡಿಯಿತು. ಅದೇ ಕೆಲಸಕ್ಕೆ ನಕ್ಷೆ ವಿಭಾಗದವರು ಅಂದಾಜಿಸಿದ್ದು ಎರಡು ದಿನ. ಇನ್ನೊಂದು ಗುಣ ಇದಕ್ಕಿಂತ ಮಹತ್ವದ್ದು. ಮೂಲ ಷಟ್ಕೋನವನ್ನು ತಿದ್ದಿದರೆ ಎಲ್ಲ ಪ್ರತಿಗಳೂ ತಾವಾಗಿ ತಿದ್ದಿಕೊಳ್ಳುತ್ತಿದ್ದವು. ಇಂದಿನ ಎಲ್ಲ ವಿನ್ಯಾಸ ತಂತ್ರಾಂಶಗಳ ಬೀಜ ಅಲ್ಲಿದೆ.

ಭಾರತದಲ್ಲಿಯೂ ಈ ಜಿಜ್ಞಾಸೆ ತಡವಾಗಿ ಬಂದದ್ದಲ್ಲ. ಮದ್ರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ವಿನ್ಯಾಸಗಳನ್ನು ಗಣಕ ವಿಜ್ಞಾನದ ‘ವ್ಯಾಕರಣ’ವಾಗಿ ವಿವರಿಸುವ ಪ್ರಬಂಧ ಪ್ರಕಟಿಸಿದರು. ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆ ಸುತ್ತುವ ಗೃಹಿಣಿ ನಿಯಮಗಳ ಒಂದು ಕ್ರಮವನ್ನು ಪಾಲಿಸುತ್ತಾಳೆ, ಆ ಕ್ರಮವನ್ನು ಯಂತ್ರಕ್ಕೂ ಕಲಿಸಬಹುದು ಎಂಬುದು ಅದರ ಸಾರ.

1982ರಲ್ಲಿ ಜಾನ್ ವಾಕರ್ ಮತ್ತು ಗೆಳೆಯರು ಕಟ್ಟಿದ ಆಟೋಡೆಸ್ಕ್ ಸಂಸ್ಥೆ ಆಟೋಕ್ಯಾಡ್ ತಂತ್ರಾಂಶವನ್ನು ಹೊರತಂದಿತು. ಬೃಹತ್ ಗಣಕಗಳ ವಿದ್ಯೆ ಮೇಜಿನ ಮೇಲಿನ ಪುಟ್ಟ ಗಣಕಕ್ಕೆ ಇಳಿಯಿತು. ಅದರಲ್ಲಿ ಹ್ಯಾಚ್ ವಿನ್ಯಾಸಗಳನ್ನು ‘ಪ್ಯಾಟ್’ ಎಂಬ ಬಗೆಯ ಸರಳ ಪಠ್ಯ ಕಡತದಲ್ಲಿ ಬರೆದಿಡಲಾಗುತ್ತದೆ. ಇಂದಿಗೂ ಆ ಬರವಣಿಗೆಯ ಕ್ರಮ ಬದಲಾಗಿಲ್ಲ. ಚಿತ್ರವಿಲ್ಲ, ಅಂಕಿಗಳಷ್ಟೇ. ಪ್ರತಿ ಸಾಲೂ ಸಮಾಂತರ ಗೆರೆಗಳ ಒಂದು ಕುಟುಂಬ: ಗೆರೆಯ ಕೋನ, ಅದು ಹೊರಡುವ ಬಿಂದುವಿನ ಎರಡು ಅಳತೆ, ಮುಂದಿನ ಗೆರೆ ಎಷ್ಟು ಜರುಗಬೇಕು, ಎಷ್ಟು ದೂರ ನಿಲ್ಲಬೇಕು, ಕೊನೆಗೆ ಎಷ್ಟು ಎಳೆದು ಎಷ್ಟು ಬಿಡಬೇಕು. ಸಬ್‌ವೇ ಗೋಡೆಯನ್ನು ಅಂಗುಲದ ಲೆಕ್ಕದಲ್ಲಿ ಬರೆಯಲು ಎರಡೇ ಸಾಲು ಸಾಕು:

0, 0,0, 0,3
90, 0,0, 3,3, 3,-3

ಮೊದಲ ಸಾಲು ಮೂರಂಗುಲಕ್ಕೊಂದರಂತೆ ಅಡ್ಡಗೆರೆ ಎಳೆಯುತ್ತದೆ, ಅವು ವರಸೆಗಳು. ಎರಡನೆಯ ಸಾಲು ಲಂಬಗೆರೆ: ಮೂರಂಗುಲ ಎಳೆ, ಮೂರಂಗುಲ ಬಿಡು, ಪಕ್ಕದ ಗೆರೆ ಮೂರಂಗುಲ ದೂರದಲ್ಲಿ, ಮೂರಂಗುಲ ಮೇಲಕ್ಕೆ ಜರುಗಿ ಹೊರಡಲಿ. ಹೀಗೆ ಪ್ರತಿ ವರಸೆಯಲ್ಲೂ ಆರಂಗುಲಕ್ಕೊಂದು ಸಂದು ಬೀಳುತ್ತದೆ, ಮೇಲಿನ ವರಸೆಯ ಸಂದು ಕೆಳಗಿನ ಹಂಚಿನ ನಡುವಿಗೆ ಬರುತ್ತದೆ. ಮನೆಯಲ್ಲಿ ಆಸಕ್ತ ಮಕ್ಕಳಿದ್ದರೆ ಚೌಕುಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಇದನ್ನು ಮಾಡಿಸಿ ನೋಡಬಹುದು, ಗಣಕ ಬೇಕಿಲ್ಲ.

ಧಾರವಾಡದ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಎಳೆದು ಬಿಡುವ, ಬಿಟ್ಟು ಎಳೆಯುವ ಈ ಲೆಕ್ಕ ಕಸೂತಿಯ ಗವಂತಿ ಹೊಲಿಗೆಯದೇ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಎಳೆ ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡು ಬದಿಯೂ ಒಂದೇ ರೀತಿ ಕಾಣುತ್ತದೆ. ಮುರ್ಗಿ ಮೆಟ್ಟಿಲಾಗಿ ಓರೆಗೆ ಸಾಗುತ್ತದೆ. ನೇಗಿ, ಮೆಂತೆ ಇನ್ನೆರಡು ಬಗೆ. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹೆಣ್ಣುಮಕ್ಕಳು ನೂಲಿನ ಎಳೆಗಳನ್ನು ಎಣಿಸಿಯೇ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಎಬ್ಬಿಸಿದರು. ಕೋನ, ಜರುಗು, ಅಂತರ, ಎಳೆ, ಬಿಡು: ಪ್ಯಾಟ್ ಕಡತದ ಎಲ್ಲ ಅಂಕಣಗಳೂ ಅವರ ಬೆರಳ ತುದಿಯಲ್ಲಿದ್ದವು. ಕಸೂತಿ ಬಲ್ಲವರು ಹ್ಯಾಚ್ ಕಡತ ಬರೆಯಲು ಕುಳಿತರೆ ಎಂಜಿನಿಯರುಗಳಿಗಿಂತ ಬೇಗ ಕಲಿತಾರೆಂದು ನನ್ನ ಗಟ್ಟಿ ನಂಬಿಕೆ.

1997ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ ಕಟ್ಟಿದ ಚಿಕ್ಕ ಸಂಸ್ಥೆಯೊಂದು 2000ದಲ್ಲಿ ‘ರೆವಿಟ್’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. 2002ರಲ್ಲಿ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಇಲ್ಲಿ ಬರೆಯುವುದು ಗೆರೆಗಳನ್ನಲ್ಲ, ಕಟ್ಟಡವನ್ನೇ: ಗೋಡೆಗೆ ತಾನು ಗೋಡೆಯೆಂದು ಗೊತ್ತಿರುತ್ತದೆ. ಕೆಳ ಮ್ಯಾನ್‌ಹಟನ್ನಿನಲ್ಲಿ ಅಂದು ಫ್ರೀಡಮ್ ಟವರ್ ಎನಿಸಿಕೊಂಡಿದ್ದ, 2014ರಲ್ಲಿ ತೆರೆದ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ವಿನ್ಯಾಸದಲ್ಲಿ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆ ಇದನ್ನು ಬಳಸಿದ್ದು ತಂತ್ರಾಂಶದ ಚರಿತ್ರೆಯಲ್ಲಿ ದೊಡ್ಡ ತಿರುವು.

ರೆವಿಟ್ ಮೇಲ್ಮೈ ವಿನ್ಯಾಸಗಳನ್ನು ಎರಡು ಜಾತಿಯಾಗಿ ಬೇರ್ಪಡಿಸಿತು. ಒಂದು ‘ಡ್ರಾಫ್ಟಿಂಗ್’ ಬಗೆ: ಅದು ಕಾಗದಕ್ಕೆ ಸೇರಿದ್ದು. ನಕ್ಷೆಯ ಪ್ರಮಾಣ ಎಷ್ಟೇ ಬದಲಾದರೂ ಮುದ್ರಿತ ಹಾಳೆಯ ಮೇಲೆ ಗೆರೆಗಳ ಅಂತರ ಅಷ್ಟೇ ಇರುತ್ತದೆ; ಓರೆಗೆರೆ ಎಂದರೆ ಇಟ್ಟಿಗೆ ಎನ್ನುವ ಹಳೆಯ ಸಂಕೇತದ ವಾರಸುದಾರ. ಇನ್ನೊಂದು ‘ಮಾಡೆಲ್’ ಬಗೆ: ಅದು ಗೋಡೆಗೆ ಸೇರಿದ್ದು. ಅದರಲ್ಲಿ ಆರಂಗುಲ ಎಂದರೆ ಕಟ್ಟಡದ ಆರಂಗುಲ. ಆ ಗೆರೆಗಳನ್ನು ಹಿಡಿದು ಜರುಗಿಸಬಹುದು, ಅಳೆಯಬಹುದು, ಬಾಗಿಲಿನ ಅಂಚಿಗೆ ಸಂದು ಸರಿಯಾಗಿ ಬರುವಂತೆ ಹೊಂದಿಸಬಹುದು. ಗಾರೆಯವನು ಮೊದಲ ಹಂಚನ್ನು ಎಲ್ಲಿಂದ ಹಚ್ಚಲಿ ಎಂದು ಕೇಳುವ ಪ್ರಶ್ನೆಗೆ ಉತ್ತರ ಇರುವುದು ಈ ಬಗೆಯಲ್ಲಿ. ನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಹೊಸಬರು ಬೇಕಾಬಿಟ್ಟಿ ಆರಿಸುತ್ತಾರೆ. ಕಾಗದಕ್ಕೆ ಸೇರಿದ ಗೆರೆಗಳನ್ನು ನಂಬಿ ಹಂಚು ಎಣಿಸಿದರೆ ಲೆಕ್ಕ ತಪ್ಪುವುದು ಖಚಿತ. ಬಾಗಿಲ ಪಕ್ಕದಲ್ಲಿ ಬೆರಳಗಲದ ಹಂಚಿನ ಚೂರು ಹಚ್ಚಬೇಕಾದ ಪ್ರಸಂಗವೂ ಬರುತ್ತದೆ.

ತಂತ್ರಾಂಶದ ಜೊತೆಗೇ ಬರುವ ಭಂಡಾರದಲ್ಲಿ ಇಟ್ಟಿಗೆ, ಹೆರಿಂಗ್‌ಬೋನ್, ಮರದ ಹಲಗೆಯ ನೆಲ ಎಲ್ಲ ಇವೆ. 1865ರಿಂದ ಬಾಸೆಲ್ ಮಿಷನ್ ಕಾರ್ಖಾನೆಯಲ್ಲಿ ತಯಾರಾಗಿ ಕರಾವಳಿಯ ಮಾಡುಗಳನ್ನೆಲ್ಲ ಕೆಂಪಾಗಿಸಿದ ಮಂಗಳೂರು ಹಂಚು ಇಲ್ಲ, ಜಾಲಂಧ್ರ ಇಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಭಂಡಾರ ಕಟ್ಟಿದವರು ತಮ್ಮ ಸುತ್ತಲಿನ ಗೋಡೆಗಳನ್ನು ನೋಡಿ ಕಟ್ಟಿದರು. ಆದರೆ ಗಡುವಿನ ಒತ್ತಡದಲ್ಲಿರುವ ವಿನ್ಯಾಸಕಾರ ಇರುವುದನ್ನೇ ಆರಿಸುತ್ತಾನೆ, ಮತ್ತು ಬೆಂಗಳೂರಿನ ಕಚೇರಿಯಲ್ಲಿ ಕುಳಿತವನೂ ಅದನ್ನೇ ಆರಿಸುತ್ತಾನೆ. ನಮ್ಮ ವಿನ್ಯಾಸ ಬೇಕೆಂದರೆ ಅಂಕಿಗಳನ್ನು ನಾವೇ ಬರೆಯಬೇಕು.

ಬರೆಯಲು ಕುಳಿತಾಗ ಕಲ್ಲುಕುಟಿಗನಿಗಿಲ್ಲದ ತೊಡಕೊಂದು ಎದುರಾಗುತ್ತದೆ. ಪ್ಯಾಟ್ ಕಡತಕ್ಕೆ ವಕ್ರರೇಖೆ ತಿಳಿಯದು. ನೇರಗೆರೆಯ ತುಂಡುಗಳಿಂದಲೇ ವೃತ್ತದ ಭ್ರಮೆ ಹುಟ್ಟಿಸಬೇಕು. ಬೇಲೂರಿನ ಬಳ್ಳಿಗಳ ಆಸೆ ಅಲ್ಲಿಗೆ ಮುಗಿಯಿತು. ಗೋಲಗುಮ್ಮಟದ ಎಂಟು ಕೋನದ ನಕ್ಷತ್ರ ಸುಲಭ: ಅದರ ಅಂಚುಗಳೆಲ್ಲ ಅಡ್ಡ, ಲಂಬ ಅಥವಾ 45 ಡಿಗ್ರಿ. ಚೌಕುಳಿಯ ಮೇಲೆ 45 ಡಿಗ್ರಿಯ ಗೆರೆ ಒಂದು ಮನೆ ಅತ್ತ, ಒಂದು ಮನೆ ಮೇಲಕ್ಕೆ ಹೋಗಿ ಮತ್ತೆ ಚುಕ್ಕಿಯನ್ನು ಮುಟ್ಟುತ್ತದೆ, ವಿನ್ಯಾಸ ಮರುಕಳಿಸುತ್ತದೆ. ಸೋಮನಾಥಪುರದ ನಕ್ಷತ್ರದ 22.5 ಡಿಗ್ರಿಯ ಗೆರೆ ಹಾಗಲ್ಲ. ಅದರ ಇಳಿಜಾರು ಎರಡರ ವರ್ಗಮೂಲದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆ. ಯಾವ ಭಿನ್ನರಾಶಿಗೂ ಸಮವಾಗದು. ಚುಕ್ಕಿಯೊಂದರಿಂದ ಹೊರಟ ಆ ಗೆರೆ ಎಷ್ಟು ದೂರ ಹೋದರೂ ಇನ್ನೊಂದು ಚುಕ್ಕಿಯನ್ನು ನೇರವಾಗಿ ಮುಟ್ಟುವುದಿಲ್ಲ. ಹೊಯ್ಸಳರ ಶಿಲ್ಪಿಗೆ ಇದು ಕಷ್ಟವೇ ಆಗಿರಲಿಲ್ಲ, ಏಕೆಂದರೆ ಆತ ಒಂದು ಕೇಂದ್ರದ ಸುತ್ತ ಚೌಕ ತಿರುಗಿಸಿದ, ಅದನ್ನು ಗೋಡೆತುಂಬ ಹಬ್ಬಿಸಬೇಕಾಗಿರಲಿಲ್ಲ. ಹಬ್ಬಿಸಬೇಕಾದ ನಾವು ರಾಜಿಯಾಗಬೇಕು. ಐದು ಮನೆ ಅತ್ತ, ಎರಡು ಮನೆ ಮೇಲೆ ಎಂದರೆ 21.8 ಡಿಗ್ರಿ, ಬರಿಗಣ್ಣಿಗೂ ಕೊಂಚ ಸೊರಗಿದಂತೆ ಕಾಣುತ್ತದೆ. ಹನ್ನೆರಡು ಅತ್ತ, ಐದು ಮೇಲೆ ಎಂದರೆ 22.62 ಡಿಗ್ರಿ. ವ್ಯತ್ಯಾಸ ಡಿಗ್ರಿಯ ಎಂಟನೆಯ ಒಂದು ಭಾಗಕ್ಕೂ ಕಡಿಮೆ, ಯಾರಿಗೂ ಕಾಣದು. ಗಣಕವೂ ತಕರಾರೆತ್ತದೆ ಮರುಕಳಿಸುತ್ತದೆ. ಸೋಮನಾಥಪುರದ ನಕ್ಷತ್ರವನ್ನು ತಮ್ಮ ನಕ್ಷೆಯ ಗೋಡೆಗೆ ತರಬಯಸುವ ಕಿರಿಯರು 12 ಮತ್ತು 5ರಿಂದ ಆರಂಭಿಸಬಹುದು.